ಬೆಲ್ಲಕ್ಕೊಂದು ಜೊತೆ

ಅವರು ಫೋನು ಎತ್ತಿದಾಗ ‘ಹಲೋ’ ಎನ್ನುತ್ತಿರಲಿಲ್ಲ. ‘ಹೇಳಿ’ ಎನ್ನುತ್ತಿದ್ದರು. ಮೆಲ್ಲಗಿನ ದನಿ, ಆದರೆ ಆ ಕಡೆಯವರು ಎಷ್ಟೇ ಗಾಬರಿಯಲ್ಲಿದ್ದರೂ ಒಂದು ಕ್ಷಣ ನಿಂತು ಉಸಿರೆಳೆದುಕೊಳ್ಳುವ ಹಾಗಿರುತ್ತಿತ್ತು. ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದವರು. ನಮ್ಮ ಬೀದಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವರನ್ನು ಎಕ್ಸ್‌ಚೇಂಜ್ ಅಕ್ಕ ಎಂದೇ ಕರೆಯುತ್ತಿದ್ದರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಎಕ್ಸ್‌ಚೇಂಜೂ ನೆನಪಾಗುವುದಿಲ್ಲ, ಟ್ರಂಕ್ ಕಾಲೂ ನೆನಪಾಗುವುದಿಲ್ಲ. ಕಂದು ಬಣ್ಣದ, ಅಂಗೈಗಿಂತ ತುಸು ದೊಡ್ಡದಾದ ಒಂದು ಪ್ರಾಣಿಯ ಮುಂದೆ ಮಣೆ ಹಾಕಿಕೊಂಡು ಕೂತಿರುವ ಅಕ್ಕನೇ ಕಣ್ಣಿಗೆ ಬರುತ್ತಾರೆ.

ನಾನು ಸರ್ಕಾರಿ ಶಾಲೆಯ ಟೀಚರು. ಗಂಡ ತೀರಿಕೊಂಡ ಮೇಲೆ ವರ್ಗ ಮಾಡಿಸಿಕೊಂಡು ಒಬ್ಬಳೇ ಅರಸೀಕೆರೆಗೆ ಬಂದೆ. ಸ್ಟೇಷನ್ನಿನ ಹಿಂಬದಿಯ ಬೀದಿಯಲ್ಲಿ, ನಡುವೆ ಒಂದೇ ಗೋಡೆಯಿದ್ದ ಜೋಡಿಮನೆಯ ಒಂದು ಭಾಗ ಬಾಡಿಗೆಗೆ ಸಿಕ್ಕಿತು. ಇನ್ನೊಂದು ಭಾಗದಲ್ಲಿ ಅಕ್ಕ ಮತ್ತು ಅವರ ತಂಗಿ ಇದ್ದರು. ಇಬ್ಬರೂ ಮದುವೆಯಾದವರಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ತಂದೆ ಬೇಲೂರಿನಲ್ಲಿ ದೇವಸ್ಥಾನದ ಸೇವೆಯಲ್ಲಿದ್ದರಂತೆ. ಅವರು ಹೋದ ಮೇಲೆ ಅಕ್ಕನ ನೌಕರಿಯಿಂದಲೇ ಮನೆ ನಡೆದದ್ದು, ತಂಗಿ ಓದಿದ್ದು.

ಅಕ್ಕನ ಕಿವಿಯ ಬಗ್ಗೆ ಊರಿನಲ್ಲಿ ಹಳಬರು ಈಗಲೂ ಮಾತಾಡುತ್ತಾರೆ. ಒಮ್ಮೆ ಕೇಳಿದ ದನಿಯನ್ನು ಅವರು ಮರೆಯುತ್ತಿರಲಿಲ್ಲ. ಬೋರ್ಡಿನ ಮುಂದೆ ಕೂತು ಲೈನು ಜೋಡಿಸುತ್ತಿದ್ದ ಕಾಲದಲ್ಲಿ, ಕೊಬ್ಬರಿ ಮಂಡಿಯ ಒಬ್ಬ ದೊಡ್ಡ ವರ್ತಕರು ಇನ್ನೊಬ್ಬ ವರ್ತಕರಿಗೆ ದಿಲ್ಲಿಯಿಂದ ಏನು ಸುದ್ದಿ ಬಂತು ಎಂದು ತಿಳಿಯಲು ಇವರ ಮನೆಗೆ ಬಾಳೆಗೊನೆ ಕಳಿಸಿದ್ದರಂತೆ. ಅಕ್ಕ ಗೊನೆಯನ್ನು ವಾಪಸು ಕಳಿಸಿ, ‘ನನ್ನ ಕಿವಿ ಸರ್ಕಾರದ್ದು. ಡ್ಯೂಟಿ ಮುಗಿದ ಮೇಲೆ ಅಲ್ಲೇ ಬಿಟ್ಟು ಬರ್ತೀನಿ’ ಎಂದರಂತೆ. ಸಾವಿನ ಸುದ್ದಿ, ಮದುವೆ ಮುರಿದ ಸುದ್ದಿ, ಮನೆ ಬಿಟ್ಟು ಹೋದವರು ಎಲ್ಲಿಂದಲೋ ಅತ್ತದ್ದು, ಎಲ್ಲವೂ ಅವರ ಕಿವಿಯ ಮೇಲೆ ಹಾದುಹೋಗಿದ್ದವು. ಹನ್ನೊಂದು ವರ್ಷ ಪಕ್ಕದಲ್ಲಿದ್ದ ನಾನು ಅವುಗಳಲ್ಲಿ ಒಂದನ್ನೂ ಅವರ ಬಾಯಿಂದ ಕೇಳಲಿಲ್ಲ.

ತಂಗಿ ಇದಕ್ಕೆ ತೀರಾ ಬೇರೆ. ಖಾಸಗಿ ಶಾಲೆಯೊಂದರಲ್ಲಿ ಹಿಂದಿ ಮೇಡಂ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣದಾಗಿತ್ತು. ಆದರೂ ಬೀದಿಯ ಆ ತುದಿಯಿಂದಲೇ ಮಾತಾಡಿಕೊಂಡು, ನಗಾಡಿಕೊಂಡು ಬರುವ ಹೆಂಗಸು. ಆಕೆಯ ಶಾಲೆಯಲ್ಲಿ ಒಂದು ವರ್ಷ ವಿಜ್ಞಾನ ಪ್ರದರ್ಶನ ನಡೆಯಿತು. ಅದಕ್ಕೆಂದು ಯಾರೋ ಎರಡು ಹೆಣ್ಣು ಗಿನಿಪಿಗ್ ತಂದಿದ್ದರು. ಪ್ರದರ್ಶನ ಮುಗಿಯಿತು, ಪ್ರಾಣಿಗಳು ಯಾರಿಗೂ ಬೇಡವಾದವು. ಎರಡು ದಿನ ಅವು ಸ್ಟಾಫ್ ರೂಮಿನ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದನ್ನು ನೋಡಲಾರದೆ ಈಕೆ ಆಟೋದಲ್ಲಿಟ್ಟುಕೊಂಡು ಮನೆಗೆ ತಂದುಬಿಟ್ಟರು.

ನಾನು ಅಂದು ಅಲ್ಲೇ ಇದ್ದೆ. ಇವಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಅಕ್ಕ ಕೇಳಿದರು. ನಮ್ಮ ಪಾಠದ ಪುಸ್ತಕದಲ್ಲಿ ಗಿನಿ ಹಂದಿ ಅಂತ ಇದೆ ಎಂದು ನಾನು ತಿಳಿಯದೆ ಹೇಳಿಬಿಟ್ಟೆ. ಅಕ್ಕನ ಮುಖ ಗಂಟಾಯಿತು. ಹಂದಿ ಅನ್ನಿಸಿಕೊಂಡದ್ದು ಈ ಹೊಸಿಲು ದಾಟುವುದಿಲ್ಲ ಎಂದರು. ತಂಗಿ ನಗುತ್ತಾ, ಹಾಗಾದರೆ ಬೇರೆ ಹೆಸರಿಡೋಣ ಎಂದು ಅಲ್ಲೇ ಹೊಸಿಲ ಮೇಲೆ ಕೂತು ಕಂದು ಬಣ್ಣದ್ದಕ್ಕೆ ಬೆಲ್ಲ ಎಂದೂ, ಕಪ್ಪು ಮೈಯಲ್ಲಿ ಒಂದೇ ಬಿಳಿ ಬೊಟ್ಟಿದ್ದದ್ದಕ್ಕೆ ಚುಕ್ಕಿ ಎಂದೂ ಹೆಸರಿಟ್ಟರು. ಬೆಲ್ಲ ಒಳಗೆ ಬರಬಹುದು ತಾನೆ ಎಂದು ಕೇಳಿದರು. ಹಾಗೆ ಅವೆರಡೂ ಒಳಗೆ ಹೋದವು.

ಮೊದಲ ತಿಂಗಳು ಅಕ್ಕ ಅವುಗಳ ಹತ್ತಿರಕ್ಕೂ ಹೋಗಲಿಲ್ಲ. ಆದರೆ ಕಿವಿ ಎಲ್ಲಿ ಸುಮ್ಮನಿರುತ್ತದೆ? ಅಡುಗೆಮನೆಯಿಂದಲೇ ತಂಗಿಗೆ ಹೇಳುತ್ತಿದ್ದರು: ಈಗ ಕೂಗಿದ್ದು ಹಸಿವಿಗಲ್ಲ ಕಣೇ, ಬೆಲ್ಲ ಹೋಗಿ ಚುಕ್ಕಿಯ ಜಾಗದಲ್ಲಿ ಕೂತಿದೆ, ನೋಡು. ತಂಗಿ ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಕೊತ್ತಂಬರಿ ಸೊಪ್ಪಿನ ಕವರು ಸರಬರ ಅಂದರೆ ಎರಡೂ ಹಿಂಗಾಲ ಮೇಲೆ ನಿಂತು ವೀಕ್ ವೀಕ್ ಎಂದು ಕೂಗುವುದು, ಮೈ ಸವರಿದಾಗ ಗುರುಗುಟ್ಟುವುದು, ಸಿಟ್ಟು ಬಂದರೆ ಹಲ್ಲು ಕಟಕಟ ಅನ್ನಿಸುವುದು, ಒಂದರ ಪಕ್ಕ ಒಂದು ಮಲಗಿದಾಗ ಪಿಸುಮಾತಿನಂತೆ ಗೊಣಗುವುದು, ಎಲ್ಲವನ್ನೂ ಅಕ್ಕ ನೋಡದೆಯೇ ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಬೆಳಗಿನ ಆ ಕೂಗು ಗೋಡೆ ದಾಟಿ ನನಗೂ ಕೇಳುತ್ತಿತ್ತು. ಅದು ಕೇಳಿದರೆ ಆರೂವರೆ ಎಂದು ನಾನು ಏಳುತ್ತಿದ್ದೆ.

ಆ ಪ್ರಾಣಿಗಳನ್ನು ಮೊದಲು ಇಟ್ಟದ್ದು ಗಿಣಿಯ ಪಂಜರದಂಥ ಒಂದು ಕಬ್ಬಿಣದ ಗೂಡಿನಲ್ಲಿ. ಕೆಳಗೂ ತಂತಿಯೇ. ಒಂದೆರಡು ತಿಂಗಳಲ್ಲಿ ಚುಕ್ಕಿಯ ಅಂಗಾಲು ಹುಣ್ಣಾಗಿ ರಕ್ತ ಬಂತು. ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿನ ಡಾಕ್ಟರು ಪ್ರಾಮಾಣಿಕರು, ನನಗೆ ಹಸು ಎಮ್ಮೆ ಗೊತ್ತಮ್ಮ, ಇದನ್ನು ಓದಿಕೊಂಡು ಹೇಳ್ತೀನಿ ಎಂದರು. ಮಾರನೆಯ ದಿನ ಅವರೇ ಫೋನು ಮಾಡಿದರು. ಇವು ಹತ್ತುವ ಪ್ರಾಣಿಗಳಲ್ಲ, ಓಡುವ ಪ್ರಾಣಿಗಳು, ಎತ್ತರದ ಗೂಡು ಬೇಡ, ಅಗಲವಾದ ಸಮನೆಲ ಬೇಕು. ಹೆದರಿದಾಗ ಹೋಗಿ ಕೂರಲು ಒಂದೊಂದಕ್ಕೂ ಒಂದೊಂದು ಮರೆ ಬೇಕು. ಸೆಖೆ ಆಗಬಾರದು. ದಿನಕ್ಕಿಷ್ಟು ಸೀಬೆಹಣ್ಣೋ ನೆಲ್ಲಿಕಾಯೋ ಹೊಟ್ಟೆಗೆ ಹೋಗಬೇಕು. ಕೊನೆಗೆ, ಒಂದನ್ನೇ ಯಾವತ್ತೂ ಇಡಬೇಡಿ ಎಂದೂ ಹೇಳಿದರಂತೆ. ಎರಡಿವೆಯಲ್ಲ ಎಂದು ಆಗ ಆ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆವತ್ತಿನಿಂದ ಕೆಲಸ ಅಕ್ಕನ ಕೈಗೆ ಬಂತು. ತಂಗಿಗೆ ಮುದ್ದು ಮಾಡಲು ಬರುತ್ತಿತ್ತು, ಅಕ್ಕನಿಗೆ ವ್ಯವಸ್ಥೆ ಮಾಡಲು ಬರುತ್ತಿತ್ತು. ಎರಡನ್ನೂ ಗೂಡಿನಿಂದ ತೆಗೆದು ಕೋಣೆಯ ಮೂಲೆಯ ನೆಲಕ್ಕಿಳಿಸಿದರು. ನಮ್ಮೂರಿನಲ್ಲಿ ತೆಂಗಿನ ನಾರಿಗೆ ಬರವಿಲ್ಲವಲ್ಲ, ಅದನ್ನೇ ಪುಡಿ ಮಾಡಿ ಹಾಸಿದರು. ಎರಡೂ ಸೀನತೊಡಗಿದವು. ಅದನ್ನು ತೆಗೆದು ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹಾಸಿ, ದಿನಾ ಒಗೆದು ಒಣಗಿಸಿದರು. ಬೇಸಿಗೆಗೆ ಎರಡು ಮಡಕೆಗಳ ಬಾಯನ್ನು ಅಗಲವಾಗಿ ಒಡೆಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ ಅಡ್ಡ ಮಲಗಿಸಿದರು. ಮಡಕೆಯ ತಂಪಿಗೆ ಅವು ಮಧ್ಯಾಹ್ನವೆಲ್ಲ ಅದರೊಳಗೇ ಇರುತ್ತಿದ್ದವು. ಒಂದೊಂದಕ್ಕೆ ಒಂದೊಂದು ಎಂದು ಎರಡು ಇಟ್ಟರೂ ಎರಡೂ ಒಂದೇ ಮಡಕೆಗೆ ತುರುಕಿಕೊಳ್ಳುತ್ತಿದ್ದವು. ನಿಮ್ಮಿಬ್ಬರ ಹಾಗೆಯೇ ಎಂದು ನಾನು ಹೇಳಿದರೆ ತಂಗಿ ಬಿದ್ದು ಬಿದ್ದು ನಗುತ್ತಿದ್ದರು.

ಆ ತಂಗಿ ಒಂದು ಸಂಜೆ ಶಾಲೆಯಿಂದ ಬಂದು, ಕಾಫಿ ಲೋಟ ಕೆಳಗಿಟ್ಟು, ಅಕ್ಕಾ ಒಂಥರಾ ಆಗ್ತಿದೆ ಎಂದು ಗೋಡೆಗೆ ಒರಗಿದರು. ಹಾಸನಕ್ಕೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟರು. ಐವತ್ತೊಂಬತ್ತು ವಯಸ್ಸು. ಮರುವರ್ಷ ನಿವೃತ್ತಿಯಾಗುವವರಿದ್ದರು.

ಅಕ್ಕ ಎಲ್ಲರೆದುರು ಅಳಲಿಲ್ಲ. ಹದಿಮೂರನೆಯ ದಿನಕ್ಕೆ ಬಂದ ನೆಂಟರು ನಡುಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರ ದೂರದ ಸೋದರತ್ತೆಯೊಬ್ಬರು ಕೋಣೆಯೊಳಗೆ ಇಣುಕಿ ನೋಡಿ ಗಾಬರಿಯಾದರು. ತಂಗಿಯ ಮಂಚದಿಂದ ಹಾಸಿಗೆ ತೆಗೆದು, ಹಲಗೆಯ ಮೇಲೆ ಸೀರೆ ಹಾಸಿ, ಸುತ್ತ ಮೊಣಕಾಲೆತ್ತರ ಪ್ಲೈವುಡ್ ಹೊಡೆಸಿ, ಅದರೊಳಗೆ ಅಕ್ಕ ಬೆಲ್ಲ ಚುಕ್ಕಿಗಳನ್ನು ಬಿಟ್ಟಿದ್ದರು. ಸತ್ತವಳ ಮಂಚದ ಮೇಲೆ ಇಲಿ ಬಿಟ್ಟಿದ್ದೀಯಲ್ಲೇ ಎಂದು ಆ ಅಜ್ಜಿ ಕೂಗಾಡಿದರು. ಅಕ್ಕ ಎಲೆಗೆ ಅನ್ನ ಬಡಿಸುವುದನ್ನು ನಿಲ್ಲಿಸದೆ, ‘ಅವಕ್ಕೆ ಅಗಲ ಜಾಗ ಬೇಕಿತ್ತು ಅತ್ತೆ. ಈ ಮನೆಯಲ್ಲಿ ಖಾಲಿಯಾಗಿರೋದು ಅದೊಂದೇ’ ಎಂದರು.

ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಚುಕ್ಕಿ ಮಡಕೆಯಿಂದ ಹೊರಗೆ ಬರಲಿಲ್ಲ. ಅದರ ಪಕ್ಕದಲ್ಲಿ ಬೆಲ್ಲ ಸುಮ್ಮನೆ ಕೂತಿತ್ತು. ಅಕ್ಕ ಚುಕ್ಕಿಯನ್ನು ಕೂಡಲೇ ಎತ್ತಲಿಲ್ಲ. ಬೆಲ್ಲಕ್ಕೆ ಗೊತ್ತಾಗಬೇಕು, ಇಲ್ಲದಿದ್ದರೆ ಹುಡುಕುತ್ತಲೇ ಇರುತ್ತದೆ ಎಂದು ಒಂದು ಗಂಟೆ ಹಾಗೆಯೇ ಬಿಟ್ಟರು. ಹಿತ್ತಿಲಿನಲ್ಲಿ ಗುಂಡಿ ತೋಡಿದ್ದು ನಾನು.

ಅಂದಿನಿಂದ ಬೆಳಗಿನ ಕೂಗು ನಿಂತಿತು. ಕವರು ಸದ್ದು ಮಾಡಿದರೂ ಬೆಲ್ಲ ಏಳುತ್ತಿರಲಿಲ್ಲ. ಮಡಕೆಯೊಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ತಿನ್ನುವುದು ಅರ್ಧಕ್ಕೆ ಇಳಿಯಿತು. ಡಾಕ್ಟರು ನೋಡಿ ಕಾಯಿಲೆ ಏನೂ ಇಲ್ಲ ಎಂದರು. ಅಕ್ಕ ಮಂಚದ ಪಕ್ಕ ಮಣೆ ಹಾಕಿಕೊಂಡು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೂರತೊಡಗಿದರು. ಮೂವತ್ತು ವರ್ಷ ಕೇಳಿದ್ದೇ ಹೆಚ್ಚು, ಆಡಿದ್ದು ಕಡಿಮೆಯಾದ ಹೆಂಗಸು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಅದಕ್ಕೆ ಕೇಳುವಂತೆ ಓದುತ್ತಿದ್ದರು. ಕೆಲವು ದಿನಕ್ಕೆ ಬೆಲ್ಲ ಅವರ ಮಡಿಲಿಗೆ ಬಂದು ಮಲಗುವುದನ್ನು ಕಲಿಯಿತು. ನನಗೆ ಸಮಾಧಾನವಾಯಿತು. ನೋಡಿ ಅಕ್ಕ, ನಿಮ್ಮನ್ನೇ ಜೊತೆ ಮಾಡಿಕೊಂಡಿದೆ ಎಂದೆ.

‘ಇಲ್ಲ ಟೀಚರೇ. ನಾನು ಬೇಕು ಅಂತ ಬರ್ತಿಲ್ಲ ಅದು. ಬೇರೆ ಯಾರೂ ಇಲ್ಲ ಅಂತ ಬರ್ತಿದೆ. ಅದರ ಮಾತು ನನಗೆ ಅರ್ಥ ಆಗುತ್ತೆ, ಆದ್ರೆ ತಿರುಗಿ ಹೇಳೋಕೆ ನನಗೆ ಬರಲ್ಲ’ ಎಂದರು.

ಆ ಮಾತು ಕೇಳಿಯೇ ನನಗೊಂದು ಯೋಚನೆ ಬಂದದ್ದು. ಮೊಬೈಲಿನಲ್ಲಿ ಹುಡುಕಿದರೆ ಗಿನಿಪಿಗ್‌ಗಳು ಗುಂಪಿನಲ್ಲಿ ಕೂಗುವ ಒಂದು ವಿಡಿಯೋ ಸಿಕ್ಕಿತು. ಒಂದು ಭಾನುವಾರ ಮಧ್ಯಾಹ್ನ ಅದನ್ನು ತೆಗೆದುಕೊಂಡು ಹೋಗಿ ಮಂಚದ ಅಂಚಿನಲ್ಲಿಟ್ಟು ಜೋರಾಗಿ ಹಾಕಿದೆ. ಬೆಲ್ಲ ತಟ್ಟನೆ ತಲೆಯೆತ್ತಿತು. ಮಡಕೆಯಿಂದ ಹೊರಗೆ ಓಡಿ ಬಂತು. ಎಷ್ಟೋ ವಾರಗಳ ಮೇಲೆ ವೀಕ್ ವೀಕ್ ಎಂದು ಕೂಗಿತು. ನನಗೆ ಖುಷಿಯೋ ಖುಷಿ. ಅಕ್ಕನೂ ಮುಂದಕ್ಕೆ ಬಾಗಿ ನಕ್ಕರು.

ಆಮೇಲೆ ಅದು ಹುಡುಕಲು ಶುರುಮಾಡಿತು. ಇನ್ನೊಂದು ಮಡಕೆಯೊಳಗೆ ಹೋಗಿ ಬಂತು. ಸೀರೆಯ ಮಡಿಕೆ ಎತ್ತಿ ನೋಡಿತು. ಮೂಲೆಗೆ ಹೋಗಿ ಪ್ಲೈವುಡ್ಡಿಗೆ ಮೂಗು ಒತ್ತಿ ಕೂಗಿತು, ನಿಂತು ಕಿವಿಗೊಟ್ಟಿತು, ಮತ್ತೆ ಕೂಗಿತು. ಮಂಚದ ಈ ತುದಿಯಿಂದ ಆ ತುದಿಗೆ ಓಡಿತು.

‘ನಿಲ್ಲಿಸಿ ಟೀಚರೇ,’ ಎಂದರು ಅಕ್ಕ. ನಾನು ಗಡಿಬಿಡಿಯಲ್ಲಿ ತಪ್ಪಾಗಿ ಏನೋ ಒತ್ತಿದೆ, ನಿಲ್ಲಲು ತಡವಾಯಿತು. ನಿಂತ ಮೇಲೂ ಬೆಲ್ಲ ನಿಲ್ಲಿಸಲಿಲ್ಲ. ಸಂಜೆ ದೀಪ ಹಚ್ಚುವವರೆಗೂ ಮೂಲೆ ಮೂಲೆಗೆ ಹೋಗಿ ಕೂಗುತ್ತಲೇ ಇತ್ತು. ಅಕ್ಕ ಮಣೆ ಬಿಟ್ಟು ಏಳಲಿಲ್ಲ. ತಂಗಿ ಹೋದಾಗ ನನ್ನೆದುರು ಅಳದಿದ್ದವರು ಅಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ನಾನು ತಪ್ಪಾಯ್ತು ಎಂದದ್ದಕ್ಕೆ, ತಪ್ಪು ನಿಮ್ಮದಲ್ಲ ಎಂದರು. ಬೆಲ್ಲದ ಕಡೆಗೇ ನೋಡುತ್ತಾ ಹೇಳಿದರು:

‘ಆ ಕಡೆ ಯಾರೂ ಇಲ್ಲದೆ ಲೈನು ಕೊಟ್ಟ ಹಾಗಾಯ್ತು. ನನ್ನ ಸರ್ವೀಸಿನಲ್ಲಿ ಒಂದು ದಿನವೂ ಹಾಗೆ ಮಾಡಿರಲಿಲ್ಲ.’

ಇನ್ನೊಂದು ಗಿನಿಪಿಗ್ ತಂದರೆ ಆಯಿತಲ್ಲ ಎಂದು ಬೀದಿಯವರೆಲ್ಲ ಹೇಳಿದರು. ಹಾಸನದಲ್ಲಿ ಸಾಕುಪ್ರಾಣಿ ಮಾರುವ ಅಂಗಡಿಯಿತ್ತು. ಅಕ್ಕ ಹೋಗಿ ನೋಡಿಯೂ ಬಂದರು, ತರಲಿಲ್ಲ. ಯಾಕೆ ಎಂದು ಕೇಳಿದೆ. ಅವರು ಎಲ್ಲವನ್ನೂ ಲೆಕ್ಕ ಹಾಕಿದ್ದರು. ಬೆಲ್ಲಕ್ಕೆ ಐದು ವರ್ಷವಾಗಿರಬಹುದು, ಇನ್ನು ಎರಡೋ ಮೂರೋ ವರ್ಷ. ಈಗ ಮರಿ ತಂದರೆ ಬೆಲ್ಲ ಹೋದ ಮೇಲೆ ಅದು ಒಂಟಿ. ಅದಕ್ಕೆ ಇನ್ನೊಂದು ತರಬೇಕು. ಆಮೇಲೆ ಅದು ಒಂಟಿ. ಇದು ಮುಗಿಯುವ ಸರಪಳಿಯಲ್ಲ, ನನಗೆ ಅರವತ್ತೇಳು ನಡೀತಿದೆ, ನನ್ನ ಹಿಂದೆ ಮಂಚದ ಮೇಲೆ ಒಂದು ಉಳಿದುಬಿಟ್ಟರೆ ಅದನ್ನು ಯಾರು ನೋಡುತ್ತಾರೆ ಎಂದರು.

ನಾನು ತಟಕ್ಕನೆ ಹೇಳಿದೆ: ‘ಹಾಗಾದ್ರೆ ನಾಲ್ಕಾರು ಇರೋ ಮನೆಗೆ ಬೆಲ್ಲವನ್ನೇ ಕೊಟ್ಟುಬಿಡಿ ಅಕ್ಕ. ಅದಕ್ಕೂ ಜೊತೆ ಆಯ್ತು, ನಿಮಗೂ ಹಗುರ ಆಗುತ್ತೆ.’

ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. ನಿಮಗೂ ಹಗುರ ಎಂದ ಆ ಎರಡು ಪದಗಳನ್ನು ವಾಪಸು ತೆಗೆದುಕೊಳ್ಳಲು ಸಾಧ್ಯವಿದ್ದರೆ ನಾನು ಇವತ್ತು ಏನು ಬೇಕಾದರೂ ಕೊಟ್ಟೇನು. ಅವರು ಮಾತ್ರ, ‘ಹೌದು, ಅದೇ ಸರಿ. ಹುಡುಕಿ’ ಎಂದರು.

ನಮ್ಮ ಸಹೋದ್ಯೋಗಿಗಳಲ್ಲಿ ವಿಚಾರಿಸಿದೆ. ಮೊದಲು ಗೊತ್ತಾದದ್ದು ಮಾದಿಹಳ್ಳಿಯ ಒಂದು ಮನೆ. ಅಕ್ಕ ಬೆಲ್ಲವನ್ನು ಒಯ್ಯಲಿಲ್ಲ, ಮೊದಲು ಜಾಗ ನೋಡೋಣ ಎಂದರು. ಇಬ್ಬರೂ ಜಾವಗಲ್ ಮಾರ್ಗದ ಬಸ್ಸಿನಲ್ಲಿ ಹೋದೆವು. ಒಳ್ಳೆಯ ಜನ, ಹಸುಗಳಿದ್ದವು, ಹಾಲು ಕಾಯಿಸಿ ಕೊಟ್ಟರು. ಆದರೆ ಗಿನಿಪಿಗ್‌ಗಳನ್ನು ಕೋಳಿಗೂಡಿನಲ್ಲಿ ತಂತಿಯ ಮೇಲೆ ಇಟ್ಟಿದ್ದರು. ಅಕ್ಕ ಹಾಲು ಕುಡಿದು, ಲೋಟ ತೊಳೆದಿಟ್ಟು, ಆ ಮನೆಯಾಕೆಯನ್ನು ಅರ್ಧ ಗಂಟೆ ಕೂರಿಸಿಕೊಂಡು ಅಂಗಾಲ ಹುಣ್ಣಿನ ವಿಷಯ ಹೇಳಿ ಎದ್ದು ಬಂದರು. ನಿಷ್ಠುರ ಮಾಡಲಿಲ್ಲ. ಅವರು ಹಲಗೆ ಹಾಕಿಸಿದರೋ ಇಲ್ಲವೋ ಎಂದು ವಾರದ ಮೇಲೆ ಫೋನು ಮಾಡಿ ಕೇಳಿದರು. ಹಾಕಿಸಿದ್ದರು.

ಎರಡನೆಯದು ಬೇಲೂರಿನಿಂದ ಆಚೆ, ಅರೇಹಳ್ಳಿಯಲ್ಲಿ. ಕಾಫಿ ಸಸಿಗಳ ನರ್ಸರಿ ನೋಡಿಕೊಳ್ಳುವ ಒಬ್ಬ ಹೆಂಗಸು. ಮಕ್ಕಳಿಗೆಂದು ತಂದ ಎರಡಕ್ಕೆ ಮರಿಗಳಾಗಿ, ಅವಕ್ಕೆ ಮರಿಗಳಾಗಿ ಒಂದು ಸಂಸಾರವೇ ಆಗಿತ್ತು. ಮನೆಯ ಪಕ್ಕದ ಉಗ್ರಾಣವನ್ನು ಪೂರ್ತಿ ಅವಕ್ಕೇ ಬಿಟ್ಟಿದ್ದರು. ಸಿಮೆಂಟಿನ ನೆಲದ ಮೇಲೆ ಗೋಣಿತಾಟು, ಅದರ ಮೇಲೆ ಒಣಹುಲ್ಲು. ಅಕ್ಕ ಆಕೆಯನ್ನು ಇನ್‌ಸ್ಪೆಕ್ಟರರ ಹಾಗೆ ವಿಚಾರಿಸಿದರು. ಎಷ್ಟು ಇವೆ, ಗಂಡು ಎಷ್ಟು, ಗಂಡು ಹೆಣ್ಣು ಬೇರೆ ಇಟ್ಟಿದ್ದೀರಾ, ಈ ವಯಸ್ಸಿನಲ್ಲಿ ಬೆಲ್ಲ ಬಸಿರಾದರೆ ಜೀವಕ್ಕೇ ಅಪಾಯ, ಬೆಕ್ಕು ಬರುತ್ತದಾ, ಚಳಿಗೆ ಏನು ಮಾಡುತ್ತೀರಿ. ಆಕೆ ಬೇಜಾರು ಮಾಡಿಕೊಳ್ಳದೆ ಒಂದೊಂದಕ್ಕೂ ಉತ್ತರ ಕೊಟ್ಟರು. ‘ಗಂಡು ಎರಡೇ ಐತೆ ಅಮ್ಮ, ಅವ್ಕೆ ಬೇರೆ ಮನೆ. ಹೆಣ್ಣು ಆರು. ನಿಮ್ದು ಏಳನೇದು. ನೀವೇ ಬಂದು ಬಿಟ್ಟು, ಹೊಂದಿಕೊಳ್ಳೋಗಂಟ ಇಲ್ಲೇ ಇರಿ. ನನಗೇನು ಭಾರ ಇಲ್ಲ’ ಎಂದರು.

ಮುಂದಿನ ವಾರ ರಜೆ ಹಾಕಿ ನಾನೂ ಹೋದೆ. ಬೆಳಗಿನ ತಂಪಿನಲ್ಲೇ ಹೊರಟೆವು. ಬುಟ್ಟಿಯಲ್ಲಿ ಬೆಲ್ಲ, ಕೆಳಗೆ ತಂಗಿಯ ಹಳೆಯ ಸೀರೆಯ ತುಂಡು. ಬಸ್ಸಿನಲ್ಲಿ ಅಕ್ಕ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಹಳೇಬೀಡಿನಲ್ಲಿ ಹತ್ತಿದ ಮುದುಕರೊಬ್ಬರು ಬುಟ್ಟಿಯಲ್ಲೇನು ಎಂದದ್ದಕ್ಕೆ ಅಕ್ಕ, ಹೆಣ್ಣುಮಗು, ಸೇರಿಸಲು ಹೋಗ್ತಿದ್ದೀವಿ ಎಂದು ಶಾಲೆಗೆ ಸೇರಿಸುವವರ ದನಿಯಲ್ಲಿ ಹೇಳಿದರು. ಅದರಲ್ಲಿ ತಮಾಷೆ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಹೊಸದನ್ನು ಕೂಡಲೇ ಗುಂಪಿಗೆ ಬಿಡಬಾರದು. ಮೊದಲ ದಿನ ನಡುವೆ ಜಾಲರಿ ಇಟ್ಟು, ಒಂದರ ವಾಸನೆ ಒಂದಕ್ಕೆ ಹತ್ತುವಂತೆ ಬಿಟ್ಟರು. ಬೆಲ್ಲ ಮೂಲೆ ಹಿಡಿದು ಕೂತಿತು. ಎರಡನೆಯ ದಿನ ಜಾಲರಿ ತೆಗೆದಾಗ ಗುಂಪಿನ ಹಿರಿಯದೊಂದು ಹಲ್ಲು ಕಟಕಟ ಮಾಡುತ್ತಾ ಬಂದು ಬೆಲ್ಲವನ್ನು ಅಟ್ಟಾಡಿಸಿತು. ನಾನು ಹೌಹಾರಿದೆ. ಅಕ್ಕ ನನ್ನ ಕೈ ಹಿಡಿದು ತಡೆದರು. ಇದು ಕಚ್ಚುವ ಸದ್ದಲ್ಲ, ಇಲ್ಲಿ ಯಾರು ದೊಡ್ಡವರು ಅಂತ ಹೇಳುವ ಸದ್ದು, ಇರಿ ಎಂದರು. ಕೋಣೆಯ ಹೊರಗೆ ಬಾಗಿಲ ಸಂದಿಗೆ ಕಿವಿಯಿಟ್ಟು ಕೂತರು. ಊಟಕ್ಕೂ ಅಲ್ಲೇ ತಟ್ಟೆ ತರಿಸಿಕೊಂಡರು.

ಮೂರನೆಯ ಬೆಳಿಗ್ಗೆ ಉಗ್ರಾಣದ ಬಾಗಿಲು ತೆಗೆದರೆ, ಒಂದು ಬಿಳಿಯ ಹೆಣ್ಣಿನ ಬೆನ್ನಿಗೆ ಬೆನ್ನು ತಾಗಿಸಿ ಬೆಲ್ಲ ಮಲಗಿತ್ತು. ನಾವು ನೋಡುತ್ತಿದ್ದಂತೆ ಎಚ್ಚರವಾಗಿ ಅದು ಮೆಲ್ಲಗೆ ಗೊಣಗಿತು, ಬಿಳಿಯದೂ ಗೊಣಗಿತು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದರು.

ಬಸ್ಸಿಗೆ ಹೊತ್ತಾಗಿತ್ತು. ಒಂದು ಸಲ ಎತ್ತಿಕೊಳ್ಳಿ ಅಕ್ಕ ಎಂದೆ. ಅವರು ಎರಡು ಹೆಜ್ಜೆ ಮುಂದೆ ಹೋದವರು ನಿಂತರು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡರು.

‘ಬೇಡ. ಈಗ ಎತ್ತಿದ್ರೆ ನನ್ನ ವಾಸನೆ ಹತ್ತುತ್ತೆ. ಅವು ಮತ್ತೆ ದೂರ ಮಾಡಿಬಿಟ್ರೆ?’

ಹಾಗೆ, ಮುಟ್ಟದೆಯೇ ಹೊರಟುಬಂದರು. ಬೇಲೂರಿನವರೆಗೆ ಖಾಲಿ ಬುಟ್ಟಿ ಅವರ ಮಡಿಲಲ್ಲಿತ್ತು. ಬೇಲೂರಿನಲ್ಲಿ ಬಸ್ಸು ಬದಲಿಸುವಾಗ ಹೂವು ಮಾರುವವಳಿಗೆ ಅದನ್ನು ಕೊಟ್ಟುಬಿಟ್ಟರು.

ಆಮೇಲಿನ ಎಂಟು ತಿಂಗಳ ಬಗ್ಗೆ ಬರೆಯುವುದು ನನಗೆ ಕಷ್ಟ. ಹೊರಗಿನಿಂದ ನೋಡಿದರೆ ಅಕ್ಕ ಮೊದಲಿನ ಹಾಗೆಯೇ ಇದ್ದರು. ಬೆಳಿಗ್ಗೆ ರಂಗೋಲಿ, ಹತ್ತಕ್ಕೆ ತರಕಾರಿ, ಸಂಜೆ ನಾನು ಶಾಲೆಯಿಂದ ಬಂದರೆ ಗೋಡೆಯಾಚೆಯಿಂದ ಕಾಫಿಗೆ ಕರೆ. ಮಂಚದ ಸುತ್ತಲಿನ ಪ್ಲೈವುಡ್ ತೆಗೆಸಿ ಹಾಸಿಗೆ ಹಾಕಿದರು. ಅದರ ಮೇಲೆ ಯಾರೂ ಮಲಗಲಿಲ್ಲ. ಅಭ್ಯಾಸಬಲದಿಂದ ಕೊತ್ತಂಬರಿ ಎರಡು ಕಟ್ಟು ತಂದುಬಿಡುತ್ತಿದ್ದರು, ಒಂದನ್ನು ನನಗೆ ಕೊಡುತ್ತಿದ್ದರು. ನನಗೂ ಅಷ್ಟು ಬೇಕಿರಲಿಲ್ಲ, ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅರೇಹಳ್ಳಿಗೆ ಫೋನು ಮಾಡುತ್ತಿದ್ದರು. ಆ ಹೆಂಗಸು ಸೊಪ್ಪು ಹಾಕುವ ಹೊತ್ತು ಅದು. ಆಕೆ ಉಗ್ರಾಣಕ್ಕೆ ಹೋಗಿ ಫೋನನ್ನು ನೆಲದ ಮೇಲೆ ಇಡುತ್ತಿದ್ದರು. ಅಕ್ಕ ಐದು ನಿಮಿಷ ಒಂದೂ ಮಾತಾಡದೆ ಕೇಳುತ್ತಿದ್ದರು. ಏಳು ದನಿಗಳಲ್ಲಿ ಬೆಲ್ಲದ ದನಿ ಯಾವುದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಮ್ಮೆ ನನ್ನ ಕಿವಿಗೂ ಹಿಡಿದರು. ನನಗೆ ಬರೀ ಗದ್ದಲ ಕೇಳಿಸಿತು. ಮೂರನೆಯದು, ಸ್ವಲ್ಪ ಒಡಕು ದನಿ, ಅದೇ ಬೆಲ್ಲ ಎಂದರು. ಫೋನಿಟ್ಟ ಮೇಲೆ ಅವರ ಮುಖ ಅರ್ಧ ದಿನ ತಿಳಿಯಾಗಿರುತ್ತಿತ್ತು. ನಾನೂ ಅಷ್ಟಕ್ಕೇ ನೆಮ್ಮದಿಪಟ್ಟುಕೊಂಡೆ. ಅವರ ಮನೆಯ ಇನ್ನೊಂದು ಬೀಗದಕೈ ನನ್ನ ಹತ್ತಿರವಿತ್ತು. ಬಿ.ಪಿ. ಮಾತ್ರೆ ತಂದುಕೊಡುತ್ತಿದ್ದೆ, ದಿನಕ್ಕೆರಡು ಸಲ ಇಣುಕುತ್ತಿದ್ದೆ. ನಾನಿರುವವರೆಗೆ ಅಕ್ಕ ಒಂಟಿಯಲ್ಲ ಎಂಬ ಸಣ್ಣ ಜಂಬವೂ ನನಗಿತ್ತೆಂದು ಈಗ ಒಪ್ಪಿಕೊಳ್ಳಬೇಕು.

ಒಂದು ಭಾನುವಾರ ಹತ್ತೂಕಾಲಿಗೆ ನನ್ನ ಫೋನು ಹೊಡೆದುಕೊಂಡಿತು. ಅರೇಹಳ್ಳಿಯ ಹೆಂಗಸು. ‘ಟೀಚರ್, ಅಮ್ಮ ಇವತ್ತು ಫೋನೇ ಮಾಡ್ಲಿಲ್ಲ. ನಾನು ಮಾಡಿದ್ರೆ ಎತ್ತಾ ಇಲ್ಲ’ ಎಂದರು. ಬೀಗದಕೈ ಹಿಡಿದು ಓಡಿದೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದರು, ತಲೆ ಒಂದು ಕಡೆಗೆ ವಾಲಿತ್ತು, ಫೋನು ತೊಡೆಯ ಮೇಲಿತ್ತು. ಮೈ ಇನ್ನೂ ಬೆಚ್ಚಗಿತ್ತು. ಡಾಕ್ಟರು ಬಂದು ಮುಗಿದಿದೆ ಎಂದರು.

ದೂರದ ನೆಂಟರು ಬಂದು ಕಾರ್ಯ ಮುಗಿಸಿದರು. ಸೋದರತ್ತೆಯ ಮಗನೊಬ್ಬ ಸಾಮಾನುಗಳನ್ನು ವಿಲೇವಾರಿ ಮಾಡಿದ. ಮನೆಯ ಯಜಮಾನರು ಸುಣ್ಣ ಹೊಡೆಸಿದರು. ಎಲ್ಲ ಮುಗಿದ ಮೇಲೆ, ಬೇಸಿಗೆ ರಜೆಯಲ್ಲಿ ನಾನೊಬ್ಬಳೇ ಅರೇಹಳ್ಳಿಗೆ ಹೋದೆ. ಹೇಳಿಬರಬೇಕೆಂದಲ್ಲ, ಆ ಹೆಂಗಸಿಗೆ ಅಂದೇ ಗೊತ್ತಾಗಿತ್ತು. ಸುಮ್ಮನೆ ಹೋಗಬೇಕೆನಿಸಿತು.

ಬೆಲ್ಲ ಚೆನ್ನಾಗಿತ್ತು. ಮೈ ತುಂಬಿಕೊಂಡಿತ್ತು. ನಾನು ಕರೆದರೆ ತಿರುಗಿ ನೋಡಲಿಲ್ಲ. ಅದೂ ಆ ಬಿಳಿಯದೂ ಒಂದೇ ಹುಲ್ಲಿನ ಎಳೆಯನ್ನು ಆ ತುದಿಯಿಂದ ಅದು, ಈ ತುದಿಯಿಂದ ಇದು ತಿನ್ನುತ್ತಿದ್ದವು. ಆ ಹೆಂಗಸು ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. ನಿಮಗೆ ಹೇಳಬೇಕೋ ಬೇಡವೋ ಗೊತ್ತಿಲ್ಲ ಎಂದು ಶುರುಮಾಡಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಕ್ಕ ಅಲ್ಲಿಗೆ ಒಬ್ಬರೇ ಬಂದಿದ್ದರಂತೆ. ನಾನು ಶಾಲೆಯಲ್ಲಿದ್ದಿರಬೇಕು, ನನಗೆ ಗೊತ್ತೇ ಇಲ್ಲ. ಇಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗುತ್ತದಾ ಎಂದು ಕೇಳಿದರಂತೆ. ಎರಡು ಮನೆ ಆಚೆ ಒಂದಿತ್ತು. ನೋಡಿದರು, ಮೆಚ್ಚಿದರು. ದಿನಾ ಬಂದು ಸೊಪ್ಪು ಹಾಕುವ ಕೆಲಸ ನಾನೇ ಮಾಡ್ತೀನಿ, ಬೇಡ ಅನ್ನಬೇಡ ಎಂದರಂತೆ.

‘ಯಾವಾಗ ಬತ್ತೀರಾ ಅಮ್ಮ ಅಂತ ಕೇಳ್ದೆ,’ ಎಂದರು ಆಕೆ. ‘ಅದಕ್ಕೆ ಅವ್ರು, ಪಕ್ಕದ ಮನೆ ಟೀಚರು ಒಬ್ರೇ ಇದಾರೆ ಕಣಮ್ಮ. ಮೇಲಕ್ಕೆ ಕಾಣಲ್ಲ, ದಿನಕ್ಕೆರಡು ಸಲ ಏನಾದ್ರೂ ನೆಪ ತೆಗೆದು ಬಂದು ಹೋ‌ಗ್ತಾರೆ. ನಾನು ಬಂದ್ಬಿಟ್ರೆ ಅವ್ರಿಗೆ ಯಾರೂ ಇರಲ್ಲ. ಅವ್ರದ್ದು ಒಂದು ದಾರಿ ಆಗ್ಲಿ, ಆಮೇಲೆ ನೋಡಾಣ ಅಂದ್ರು.’

ಆ ಕೋಣೆ ಎಲ್ಲಿದೆ ಎಂದು ಕೇಳಿದೆ. ಆಕೆ ಕರೆದುಕೊಂಡು ಹೋಗಿ ತೋರಿಸಿದರು. ಬೀಗ ಹಾಕಿತ್ತು, ಇನ್ನೂ ಯಾರೂ ಬಂದಿರಲಿಲ್ಲ. ಕಿಟಕಿಯಿಂದ ನೋಡಿದೆ. ಒಬ್ಬರಿಗೆ ಸಾಕಾಗುವಷ್ಟು ಜಾಗ, ಗುಡಿಸಿದ ಕೆಂಪು ನೆಲ, ಮೂಲೆಯಲ್ಲಿ ಒಲೆಕಟ್ಟೆ. ಆಕೆ ಸಸಿಗಳಿಗೆ ನೀರು ಬಿಡಬೇಕೆಂದು ಹೋದರು. ಬೇಲೂರಿನ ಬಸ್ಸು ಬರುವವರೆಗೂ ನಾನು ಆ ಕಿಟಕಿಯ ಸರಳು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.